ತೈಲಬಾವಿಯ ತಕ್ಕಡಿ: ಮಾರ್ಪಾಟು ಮತ್ತು ವಿನಾಯಿತಿ

ನಮ್ಮ ಬಯಲುಸೀಮೆಯಲ್ಲಿ ಕೊಳವೆಬಾವಿ ಕೊರೆಯುವುದನ್ನು ಕಾಣದವರು ವಿರಳ. ಅಲ್ಲಿ ಕೊರೆಯಿಸುವವನ ಚಿಂತೆಯೆಲ್ಲ ನೀರು ಸಿಕ್ಕೀತೇ ಎಂಬುದೊಂದೇ. ಸಿಕ್ಕ ನೀರು ತಾನಾಗಿ ನೆಲದ ಮೇಲಕ್ಕೆ ಬರುವುದು ಅಪೂರ್ವ. ಪಂಪು ಇಳಿಸಿ ಎತ್ತಬೇಕು. ತೈಲಬಾವಿಯನ್ನು ಕೊರೆಯುವವನ ಚಿಂತೆ ಇದಕ್ಕೆ ತೀರ ವಿಪರೀತವಾದುದು. ಸಾವಿರಾರು ಮೀಟರುಗಳ ಆಳದಲ್ಲಿ, ರಂಧ್ರಮಯವಾದ ಶಿಲಾಪದರದೊಳಗೆ ಅಡಗಿರುವ ಎಣ್ಣೆ ಮತ್ತು ಅನಿಲಗಳು ಅಪಾರ ಒತ್ತಡಕ್ಕೆ ಒಳಗಾಗಿರುತ್ತವೆ. ಅವುಗಳಿಗೊಂದು ದಾರಿ ಸಿಕ್ಕಿದರೆ ಸಾಕು, ಯಾರೂ ಎತ್ತಬೇಕಾಗಿಲ್ಲ. ಬಾವಿ ಸಿದ್ಧವಾಗುವವರೆಗೆ ಅವು ಮೇಲಕ್ಕೆ ಬಾರದಂತೆ ತಡೆಹಿಡಿಯುವುದೇ ಅಲ್ಲಿನ ಮುಖ್ಯ ಕೆಲಸ.

ತಡೆಹಿಡಿಯುವ ಸಾಧನ ಯಾವುದು? ದೊಡ್ಡದೊಂದು ಉಕ್ಕಿನ ಮುಚ್ಚಳವೆಂದು ಓದುಗರು ಊಹಿಸಬಹುದು. ಮುಚ್ಚಳವೂ ಉಂಟು. ಅದು ಬಾವಿಯ ಬಾಯಿಗೆ ಜೋಡಿಸಿದ ಭಾರಿ ವಾಲ್ವುಗಳ ಒಂದು ಸಮೂಹ. ಬ್ಲೋಔಟ್ ಪ್ರಿವೆಂಟರ್ ಎಂದು ಅದರ ಹೆಸರು. ಆದರೆ ಅದು ಎರಡನೆಯ ಕಾವಲು ಮಾತ್ರ. ಮೊದಲನೆಯ ಕಾವಲು ಕೇವಲ ಒಂದು ದ್ರವಸ್ತಂಭ. ಜೇಡಿಮಣ್ಣು, ಬೆರೈಟ್ ಎಂಬ ಭಾರವಾದ ಖನಿಜದ ಪುಡಿ ಮೊದಲಾದುವನ್ನು ನೀರಿನಲ್ಲಿಯೋ ಎಣ್ಣೆಯಲ್ಲಿಯೋ ಕಲಸಿ ಮಾಡಿದ ಈ ದ್ರವವನ್ನು ಕೊರೆಯುವವರು ‘ಮಡ್’ ಎಂದು ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ. ಬಾವಿಯ ಬಾಯಿಂದ ತಳದವರೆಗೆ ಮಡ್ ತುಂಬಿರುತ್ತದೆ. ಅದರ ಭಾರವೇ ಕೆಳಗಿನ ಎಣ್ಣೆಯನ್ನು ಅದರ ಜಾಗದಲ್ಲಿ ಕೂರಿಸುತ್ತದೆ.

ದ್ರವಸ್ತಂಭದ ಒತ್ತಡವು ಅದರ ಸಾಂದ್ರತೆ ಮತ್ತು ಎತ್ತರಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ, ಪಾತ್ರೆಯ ಅಗಲವನ್ನಾಗಲಿ ಆಕಾರವನ್ನಾಗಲಿ ಅವಲಂಬಿಸಿರುವುದಿಲ್ಲ ಎಂಬ ನಿಯಮವನ್ನು ಹೈಸ್ಕೂಲಿನಲ್ಲಿಯೇ ಓದಿದ್ದೇವೆ. ಹತ್ತು ಮೀಟರ್ ಎತ್ತರದ ನೀರಿನ ಸ್ತಂಭವು ತನ್ನ ತಳದಲ್ಲಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಮ್ ಒತ್ತಡವನ್ನು ಉಂಟುಮಾಡುತ್ತದೆ. ಆದುದರಿಂದ ಮೀಟರುಗಳಲ್ಲಿ ಅಳೆದ ಎತ್ತರವನ್ನು ದ್ರವದ ಸಾಪೇಕ್ಷ ಸಾಂದ್ರತೆಯಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಒತ್ತಡ ದೊರೆಯುತ್ತದೆ. 2,000 ಮೀಟರ್ ಆಳದ ಬಾವಿಯಲ್ಲಿ 1.2 ಸಾಂದ್ರತೆಯ ಮಡ್ ಇದ್ದರೆ ತಳದಲ್ಲಿ ಚದರ ಸೆಂಟಿಮೀಟರಿಗೆ 240 ಕಿಲೋಗ್ರಾಮ್. ಮುಂದೆ ಒತ್ತಡವೆಂದಾಗಲೆಲ್ಲ ಇದೇ ಮಾನವೆಂದು ಓದುಗರು ತಿಳಿಯಬೇಕು. ಪ್ರತಿ ಸಲವೂ ‘ಚದರ ಸೆಂಟಿಮೀಟರಿಗೆ’ ಎಂದು ಬರೆಯಹೊರಟರೆ ಲೇಖನ ಬೆಳೆದೀತು.

ಇದೊಂದು ತಕ್ಕಡಿಯೆನ್ನಬಹುದು. ಒಂದು ತಟ್ಟೆಯಲ್ಲಿ ಮಡ್ಡಿನ ಒತ್ತಡ, ಇನ್ನೊಂದರಲ್ಲಿ ಶಿಲಾಪದರದ ದ್ರವಗಳ ಒತ್ತಡ. ಮಡ್ಡಿನ ತಟ್ಟೆ ತುಸು ಕೆಳಗೆ ತೂಗುತ್ತಿರಬೇಕು. ಹಾಗಾದರೆ ಮಡ್ಡನ್ನು ಬೇಕಾದಷ್ಟು ಭಾರವಾಗಿ ಕಲಸಿ ನಿಶ್ಚಿಂತರಾಗಿರಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಭಾರ ಅತಿಯಾದರೆ ಬಂಡೆಯೇ ಬಿರಿದು ಮಡ್ ಬಿರುಕುಗಳಿಗೆ ಹರಿದುಹೋಗುತ್ತದೆ, ಸ್ತಂಭ ಕುಸಿಯುತ್ತದೆ, ಕಡೆಗೆ ಒತ್ತಡವೂ ಇಲ್ಲ, ಮಡ್ಡೂ ಇಲ್ಲ. ಆದುದರಿಂದ ಕೊರೆಯುವವನು ಕಿರಿದಾದ ಒಂದು ಅಂತರದಲ್ಲಿಯೇ ನಡೆಯಬೇಕಾಗುತ್ತದೆ.

ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು, ಬಾವಿಯ ಕೆಲಸದಲ್ಲಿ ‘ಸಣ್ಣ ಮಾರ್ಪಾಟು’ ಎಂದರೇನು ಎಂಬುದನ್ನು ನೋಡೋಣ. ನಾವು ಮೇಲೆ ಹೇಳಿದ 2,000 ಮೀಟರ್ ಬಾವಿಯನ್ನೇ ತೆಗೆದುಕೊಳ್ಳೋಣ. ಶಿಲಾಪದರದ ಒತ್ತಡ 237 ಇರಲಿ. ಅಂದರೆ ಮಡ್ಡಿನ ಮೇಲುಗೈ 3 ಮಾತ್ರ. ತಳದ ಕೊರೆಮೊನೆ ಸವೆದಿದೆ. ಅದನ್ನು ಬದಲಿಸಲು ಕೊರೆಪೈಪನ್ನೆಲ್ಲ ಮೇಲಕ್ಕೆ ಎಳೆಯಬೇಕು. ಮೂರು ಮೂರು ಪೈಪುಗಳನ್ನು ಒಟ್ಟಿಗೆ, ಸುಮಾರು 28 ಮೀಟರುಗಳ ಒಂದೊಂದು ‘ಸ್ಟ್ಯಾಂಡ್’ ಆಗಿ ಎಳೆದು ನಿಲ್ಲಿಸುತ್ತಾರೆ. ಪೈಪಿನ ಉಕ್ಕು ಹೊರಗೆ ಬಂದಷ್ಟೂ ಅದು ಆಕ್ರಮಿಸಿದ್ದ ಜಾಗ ತೆರವಾಗುತ್ತದೆ. ಬಕೆಟ್ಟಿನಿಂದ ಚೊಂಬನ್ನು ಎತ್ತಿದರೆ ನೀರಿನ ಮಟ್ಟ ಇಳಿಯುವಂತೆ ಮಡ್ಡಿನ ಮಟ್ಟ ಇಳಿಯುತ್ತದೆ. ಹೊಸ ಮಡ್ ಸುರಿದು ಬಾವಿಯನ್ನು ತುಂಬುತ್ತಿರಬೇಕು. ಐದು ಸ್ಟ್ಯಾಂಡಿಗೊಮ್ಮೆ ತುಂಬತಕ್ಕದ್ದೆಂದು ಆ ರಿಗ್ಗಿನ ನಿಯಮವೆಂದು ಭಾವಿಸೋಣ.

ಬಾವಿಯ ಅಡ್ಡಕೊಯ್ತದ ವಿಸ್ತೀರ್ಣ 380 ಚದರ ಸೆಂಟಿಮೀಟರ್, ಪೈಪಿನ ಉಕ್ಕಿನದು 34. ಐದು ಸ್ಟ್ಯಾಂಡ್, ಅಂದರೆ 140 ಮೀಟರ್ ಎಳೆದಾಗ ಹೊರಬಂದ ಉಕ್ಕಿನ ಗಾತ್ರವನ್ನು ಉಳಿದ 346 ಚದರ ಸೆಂಟಿಮೀಟರಿನಿಂದ ಭಾಗಿಸಿದರೆ ಮಡ್ಡಿನ ಮಟ್ಟ ಸುಮಾರು 13.8 ಮೀಟರ್ ಇಳಿದಿದೆಯೆಂದು ತಿಳಿಯುತ್ತದೆ. ಒತ್ತಡದ ನಷ್ಟ 1.65. ಮೇಲುಗೈ 3 ಇದ್ದುದು ಅರ್ಧದಷ್ಟು ಉಳಿಯಿತು, ಅಪಾಯವಿಲ್ಲ. ಈಗ ಒಂದು ರಾತ್ರಿ ಕೆಲಸ ಹಿಂದೆ ಬಿದ್ದಿದೆ, ಮಳೆಯೂ ಬರುತ್ತಿದೆ. ‘ಐದಕ್ಕೊಮ್ಮೆ ನಿಲ್ಲಿಸುವ ಬದಲು ಹತ್ತಕ್ಕೊಮ್ಮೆ ತುಂಬಿದರಾಯಿತು’ ಎಂದು ಯಾರೋ ಅನುಭವಸ್ಥರು ಸೂಚಿಸುತ್ತಾರೆ. ಯಂತ್ರ ಬದಲಾಗಿಲ್ಲ, ಮಡ್ ಬದಲಾಗಿಲ್ಲ, ಜನ ಬದಲಾಗಿಲ್ಲ. ಬದಲಾದುದು ಒಂದು ಅಂಕಿ. ಆದರೆ ಹತ್ತನೆಯ ಸ್ಟ್ಯಾಂಡ್ ಹೊರಬರುವ ವೇಳೆಗೆ ಒತ್ತಡದ ನಷ್ಟ 3.3. ಶಿಲಾಪದರದ ತಟ್ಟೆ ಕೆಳಗಿಳಿಯಿತು. ಅನಿಲ ಬಾವಿಯೊಳಕ್ಕೆ ನುಸುಳತೊಡಗಿತು. ಪೈಪನ್ನು ರಭಸದಿಂದ ಎಳೆದರೆ ಪಿಚಕಾರಿಯ ದಂಡದಂತೆ ಅದು ತಳದ ದ್ರವವನ್ನು ಹೀರುತ್ತದೆ ಎಂಬ ಅಂಶವನ್ನು ನಾವಿಲ್ಲಿ ಸೇರಿಸಿಯೇ ಇಲ್ಲ.

ಐದರಿಂದ ಆರಕ್ಕೆ, ಆರರಿಂದ ಎಂಟಕ್ಕೆ ಹೋದಾಗ ಏನೂ ಆಗದಿದ್ದುದು ಹತ್ತಕ್ಕೆ ಹೋದಾಗ ಆಯಿತು. ಇದೇ ಇಲ್ಲಿನ ತೊಡಕು. ಎಂಟಕ್ಕೊಮ್ಮೆ ತುಂಬಿ ಕ್ಷೇಮವಾಗಿದ್ದವನ ಅನುಭವವು ಹತ್ತರ ವಿಷಯದಲ್ಲಿ ಅವನಿಗೆ ಏನನ್ನೂ ಹೇಳಿಕೊಡುವುದಿಲ್ಲ. ಧೈರ್ಯವನ್ನು ಮಾತ್ರ ಕೊಡುತ್ತದೆ. ಮಿತಿಯೆಲ್ಲಿದೆಯೆಂಬುದು ಕಣ್ಣಿಗೆ ಕಾಣದು. ಲೆಕ್ಕಕ್ಕೆ ಮಾತ್ರ ಕಾಣುತ್ತದೆ. ಆದುದರಿಂದಲೇ ತೈಲೋದ್ಯಮದಲ್ಲಿ, ಕೆಲಸದ ಕ್ರಮವನ್ನು ಎಷ್ಟೇ ಸ್ವಲ್ಪವಾಗಿ ಬದಲಿಸುವುದಿದ್ದರೂ, ಬದಲಿಸುವ ಮೊದಲು ಅದನ್ನು ಬರೆದು, ಬೇರೊಬ್ಬರಿಂದ ಲೆಕ್ಕ ಹಾಕಿಸಿ, ಒಪ್ಪಿಗೆ ಪಡೆಯಬೇಕೆಂಬ ಪದ್ಧತಿ ಬೆಳೆದುಬಂದಿದೆ. ಮಾರ್ಪಾಟಿನ ನಿರ್ವಹಣೆ ಎಂದು ಅದನ್ನು ಕರೆಯುತ್ತಾರೆ. ಹೆಸರು ಕಚೇರಿಯ ವಾಸನೆ ಬೀರುತ್ತದೆ, ನಿಜ. ಅದರ ಹಿಂದಿರುವುದು ಭೌತಶಾಸ್ತ್ರ.

ಮಕೊಂಡೊ ಬಾವಿ

ಇದರ ಅತ್ಯಂತ ದೊಡ್ಡ ಉದಾಹರಣೆ 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ನಡೆದ ದುರಂತ. ಬಿಪಿ ಕಂಪನಿಯ ಮಕೊಂಡೊ ಎಂಬ ಬಾವಿಯನ್ನು ‘ಡೀಪ್‌ವಾಟರ್ ಹೊರೈಜನ್’ ಎಂಬ ತೇಲುವ ರಿಗ್ಗು ಕೊರೆಯುತ್ತಿತ್ತು. ನೀರಿನ ಆಳವೇ ಸುಮಾರು 1,500 ಮೀಟರ್. ಬಾವಿಯ ತಳ ರಿಗ್ಗಿನಿಂದ ಸುಮಾರು 5,600 ಮೀಟರ್ ಕೆಳಗೆ. ಕೊರೆತ ಮುಗಿದಿತ್ತು. ತಳದಲ್ಲಿ ಸಿಮೆಂಟು ಹಾಕಿ ಬಾವಿಯನ್ನು ತಾತ್ಕಾಲಿಕವಾಗಿ ಮುಚ್ಚಿ ಈ ರಿಗ್ಗು ಬೇರೆಡೆಗೆ ಹೋಗಬೇಕಾಗಿತ್ತು. ಎಣ್ಣೆಯನ್ನು ಎತ್ತಲು ಮತ್ತೊಂದು ನೌಕೆ ಮುಂದೆ ಬರತಕ್ಕದ್ದು. ಹೊರಡುವ ಮುನ್ನ ಬಾವಿಯ ಮೇಲ್ಭಾಗದ ಮಡ್ಡನ್ನು ತೆಗೆದು ಆ ಜಾಗದಲ್ಲಿ ಸಮುದ್ರದ ನೀರನ್ನು ತುಂಬಬೇಕು. ಮೇಲೆ ಇನ್ನೊಂದು ಸಿಮೆಂಟಿನ ಬಿರಡೆಯನ್ನು ಹಾಕಬೇಕು.

ಆ ಬಿರಡೆ ಎಷ್ಟು ಆಳದಲ್ಲಿರಬೇಕು? ಅಮೆರಿಕದ ಅಂದಿನ ನಿಯಮದಂತೆ ಸಾಮಾನ್ಯವಾಗಿ ಸಮುದ್ರತಳದಿಂದ 1,000 ಅಡಿಗಿಂತ ಕೆಳಗೆ ಹೋಗಕೂಡದು. ಆದರೆ ಅದೇ ನಿಯಮಾವಳಿಯಲ್ಲಿ ವಿನಾಯಿತಿಗೂ ಅವಕಾಶವಿತ್ತು. ಬಿರಡೆಯನ್ನು 3,300 ಅಡಿ ಕೆಳಗೆ ಹಾಕಲು ಅನುಮತಿ ಬೇಕೆಂದು ಕಂಪನಿಯು ಏಪ್ರಿಲ್ 16ರಂದು ಕೇಳಿತು. ಬಾವಿಯ ಬಾಯಲ್ಲಿ ಬೀಗದಂತೆ ಕೂರಿಸಬೇಕಾದ ಒಂದು ಉಪಕರಣವನ್ನು ಒತ್ತಿ ಕೂರಿಸಲು ಅದರ ಕೆಳಗೆ ಉದ್ದವಾದ ಪೈಪಿನ ಭಾರ ತೂಗಬೇಕಾಗಿತ್ತು. ಬಿರಡೆ ಮೇಲೆಯೇ ಇದ್ದರೆ ಅಷ್ಟು ಪೈಪಿಗೆ ಜಾಗವಿರುತ್ತಿರಲಿಲ್ಲ. ಕಾರಣ ಅಸಂಗತವೇನೂ ಅಲ್ಲ. ಒಂದೂವರೆ ಗಂಟೆಯೊಳಗೆ ಸರ್ಕಾರಿ ಇಲಾಖೆಯ ಒಪ್ಪಿಗೆ ದೊರೆಯಿತು.

ಈಗ ನಾವು ತಕ್ಕಡಿಯನ್ನು ಹಿಡಿಯೋಣ. ತನಿಖೆಗಳಿಂದ ತಿಳಿದುಬಂದ ಅಂಕಿಗಳನ್ನು ಸ್ಥೂಲವಾಗಿ ತೆಗೆದುಕೊಂಡರೆ, ಎಣ್ಣೆಯಿದ್ದ ಪದರದ ಆಳ 5,500 ಮೀಟರ್, ಅಲ್ಲಿನ ಒತ್ತಡ 830, ಮಡ್ಡಿನ ಸಾಂದ್ರತೆ 1.7, ಸಮುದ್ರದ ನೀರಿನದು 1.03. ಬಾವಿಯ ತುಂಬ ಮಡ್ ಇದ್ದಾಗ ತಳದ ಒತ್ತಡ 935. ಮಡ್ಡಿನ ಮೇಲುಗೈ ನೂರಕ್ಕೂ ಹೆಚ್ಚು. ನಿಯಮದಂತೆ ಬಿರಡೆಯ ಜಾಗ, ಅಂದರೆ ರಿಗ್ಗಿನಿಂದ ಸುಮಾರು 1,850 ಮೀಟರಿನವರೆಗೆ ಮಡ್ ತೆಗೆದು ನೀರು ತುಂಬಿದರೆ ನಷ್ಟವಾಗುವ ಒತ್ತಡ 124. ತಳದಲ್ಲಿ ಉಳಿಯುವುದು 811. ಶಿಲಾಪದರಕ್ಕಿಂತ 19 ಕಡಿಮೆ. ವಿನಾಯಿತಿಯಂತೆ ಸುಮಾರು 2,550 ಮೀಟರಿನವರೆಗೆ ನೀರು ತುಂಬಿದರೆ ನಷ್ಟ 171, ಉಳಿಯುವುದು 764. ಈಗ ಕೊರತೆ 66. ಒಂದು ಹಾಳೆಯ ಮೇಲೆ 1,000 ಎಂಬುದು 3,300 ಎಂದಾದಾಗ, ಬಾವಿಯ ತಳದ ಸಿಮೆಂಟಿನ ಮೇಲೆ ಕೆಳಗಿನಿಂದ ಬೀಳುವ ನೂಕು ಮೂರು ಪಟ್ಟಿಗಿಂತ ಹೆಚ್ಚಾಯಿತು.

ಈ ನೂಕನ್ನು ತಾಳಲು ಅಲ್ಲಿದ್ದುದು ತಳದ ಸಿಮೆಂಟು ಮತ್ತು ಅದಕ್ಕೆ ಹೊಂದಿದ ಕೊಳವೆಯ ವಾಲ್ವುಗಳು ಮಾತ್ರ. ಮೊದಲು ಬಿರಡೆಯನ್ನು ಹಾಕಿ ಅನಂತರ ಮಡ್ಡನ್ನು ತೆಗೆದಿದ್ದರೆ ಕಾವಲು ಎರಡಾಗುತ್ತಿತ್ತು. ಯೋಜನೆಯಲ್ಲಿ ಈ ಅನುಕ್ರಮ ತಿರುವುಮುರುವಾಗಿತ್ತು: ಮೊದಲು ಮಡ್ ತೆಗೆಯುವುದು, ಆಮೇಲೆ ಬಿರಡೆ. ವಿನಾಯಿತಿ ಕೊಟ್ಟುದಕ್ಕಿಂತಲೂ, ಅದನ್ನು ಅನುಕ್ರಮದೊಡನೆ ಸೇರಿಸಿ ನೋಡದಿದ್ದುದೇ ದೊಡ್ಡ ಲೋಪವೆಂದು ನಮ್ಮ ಅಭಿಪ್ರಾಯ.

ಇಷ್ಟೇ ಅಲ್ಲ. ಕೊನೆಯ ಒಂದು ವಾರದಲ್ಲಿ ಬಾವಿಯನ್ನು ಮುಚ್ಚುವ ಕ್ರಮವನ್ನು ಹಲವು ಬಾರಿ ತಿದ್ದಲಾಯಿತು. ಈ ತಿದ್ದುಪಡಿಗಳು ಯಾವುದೇ ವಿಧಿವತ್ತಾದ ಅಪಾಯ ಪರಿಶೀಲನೆಗೆ ಒಳಪಟ್ಟುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಆಯೋಗವು 2011ರಲ್ಲಿ ವರದಿ ಮಾಡಿತು. ಮಡ್ ಮತ್ತು ಸಮುದ್ರದ ನೀರು ಒಂದಕ್ಕೊಂದು ಬೆರೆಯದಂತೆ ನಡುವೆ ಒಂದು ಭಾರವಾದ ದ್ರವವನ್ನು ಕಳುಹಿಸುತ್ತಾರೆ. ಮಕೊಂಡೊದಲ್ಲಿ ಇದಕ್ಕಾಗಿ, ಬೇರೊಂದು ಉದ್ದೇಶಕ್ಕೆ ಕಲಸಿಟ್ಟು ಮಿಕ್ಕಿದ್ದ ದಪ್ಪನೆಯ ದ್ರವವನ್ನೇ ಬಳಸಿದರು. ಅದನ್ನು ಹಾಗೆಯೇ ದಡಕ್ಕೆ ಒಯ್ದರೆ ಅಪಾಯಕಾರಿ ತ್ಯಾಜ್ಯವೆಂದು ವಿಲೇವಾರಿ ಮಾಡಬೇಕು. ಬಾವಿಯೊಳಗೆ ಒಮ್ಮೆ ಹರಿಸಿದರೆ ಕೊರೆತದ ದ್ರವವೆನಿಸಿ ಆ ಕಾನೂನಿನಿಂದ ವಿನಾಯಿತಿ. ಇಲ್ಲಿಯೂ ವಿನಾಯಿತಿಯೇ! ಪರಿಸರದ ಕಾನೂನಿನಲ್ಲಿದ್ದ ಒಂದು ಸಣ್ಣ ಬಾಗಿಲು ಬಾವಿಯೊಳಗಿನ ದ್ರವವನ್ನು ಬದಲಿಸಿತು.

ಆ ಸಂಜೆ ತಳದ ಸಿಮೆಂಟನ್ನು ಪರೀಕ್ಷಿಸಲಾಯಿತು. ಪರೀಕ್ಷೆಯ ತತ್ತ್ವ ಸರಳ. ಮೇಲಿನ ಒತ್ತಡವನ್ನು ಬೇಕೆಂದೇ ತಗ್ಗಿಸಿ ಸುಮ್ಮನೆ ನೋಡುತ್ತಿರುವುದು. ಸಿಮೆಂಟು ಗಟ್ಟಿಯಾಗಿದ್ದರೆ ಒತ್ತಡ ಸೊನ್ನೆಯಲ್ಲಿಯೇ ನಿಲ್ಲುತ್ತದೆ. ಕೊರೆಪೈಪಿನಲ್ಲಿ ಒತ್ತಡ ನಿಲ್ಲಲಿಲ್ಲ. ಇಳಿಸಿದಷ್ಟು ಸಲವೂ ಏರಿತು. ಕಡೆಗೆ ಚದರ ಅಂಗುಲಕ್ಕೆ 1,400 ಪೌಂಡಿಗೆ, ನಮ್ಮ ಮಾನದಲ್ಲಿ ಸುಮಾರು 98ಕ್ಕೆ ಬಂದು ನಿಂತಿತು. ಅದೇ ಬಾವಿಗೆ ಸೇರಿದ ಪಕ್ಕದ ಒಂದು ಸಣ್ಣ ಕೊಳವೆಯಲ್ಲಿ ಮಾತ್ರ ಹರಿವಿಲ್ಲ. ಒಂದೇ ದ್ರವಕ್ಕೆ ಸೇರಿದ ಎರಡು ಕವಲುಗಳಲ್ಲಿ ಒಂದರಲ್ಲಿ 98, ಇನ್ನೊಂದರಲ್ಲಿ ಸೊನ್ನೆ. ಯು-ಕೊಳವೆಯ ಪಾಠ ಓದಿದ ವಿದ್ಯಾರ್ಥಿ ಇಲ್ಲಿ ಏನು ಹೇಳಬೇಕು? ನಡುವೆ ಎಲ್ಲಿಯೋ ಕಟ್ಟಿಕೊಂಡಿದೆ, ಇಲ್ಲವೇ ಏನೋ ನಮಗೆ ತಿಳಿಯದು. ತಿಳಿಯುವವರೆಗೆ ಮುಂದುವರಿಯಕೂಡದು ಎನ್ನಬೇಕು. ಆ ಮಿಕ್ಕ ದಪ್ಪ ದ್ರವವೇ ಸಣ್ಣ ಕೊಳವೆಯನ್ನು ಕಟ್ಟಿರಬಹುದೆಂದು ಆಮೇಲೆ ಊಹಿಸಲಾಯಿತು. ಅಂದು ಸಮಾಧಾನವೊಂದನ್ನು ಕಂಡುಕೊಂಡು, ಸೊನ್ನೆಯನ್ನು ನಂಬಿ, 98ನ್ನು ಬಿಟ್ಟರು. ಮಡ್ ತೆಗೆಯುವ ಕೆಲಸ ಮುಂದುವರಿಯಿತು. ರಾತ್ರಿ ಹತ್ತಕ್ಕೆ ಸ್ವಲ್ಪ ಮುನ್ನ ಅನಿಲ ರಿಗ್ಗಿನ ಮೇಲೆ ಹರಡಿ ಹೊತ್ತಿಕೊಂಡಿತು. ಹನ್ನೊಂದು ಜನ ಸತ್ತರು. ಎರಡು ದಿನಗಳ ಅನಂತರ ರಿಗ್ಗು ಮುಳುಗಿತು. ಬಾವಿಯಿಂದ ಎಣ್ಣೆ 87 ದಿನ ಸಮುದ್ರಕ್ಕೆ ಹರಿಯಿತು.

ಚಾಕ್‌ಪೀಸಿನ ನಕ್ಷೆ

ಮಾರ್ಪಾಟುಗಳನ್ನು ಬರೆದು ಪರಿಶೀಲಿಸಬೇಕೆಂಬ ಅರಿವನ್ನು ಉಂಟುಮಾಡಿದ ಘಟನೆ ತೈಲಕ್ಷೇತ್ರದ್ದಲ್ಲ. ಇಂಗ್ಲೆಂಡಿನ ಫ್ಲಿಕ್ಸ್‌ಬರೊ ಎಂಬಲ್ಲಿನ ರಾಸಾಯನಿಕ ಕಾರ್ಖಾನೆಯದು. ಅಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವಂತೆ ಇಟ್ಟ ಆರು ಪಾತ್ರೆಗಳಲ್ಲಿ ಐದನೆಯದು ಬಿರುಕುಬಿಟ್ಟಿತು. ಅದನ್ನು ತೆಗೆದು ನಾಲ್ಕನೆಯದಕ್ಕೂ ಆರನೆಯದಕ್ಕೂ ಒಂದು ತಾತ್ಕಾಲಿಕ ಪೈಪನ್ನು ಜೋಡಿಸಿದರು. ಪೈಪಿನ ನಕ್ಷೆಯನ್ನು ಬರೆದದ್ದು ಕಾರ್ಖಾನೆಯ ನೆಲದ ಮೇಲೆ, ಚಾಕ್‌ಪೀಸಿನಿಂದ. ಎರಡು ಪಾತ್ರೆಗಳ ಮಟ್ಟ ಬೇರೆಯಾದುದರಿಂದ ಪೈಪು ಎರಡು ಕಡೆ ಬಾಗಿತ್ತು. ಎರಡೂ ತುದಿಗಳಲ್ಲಿ ಮೆತುವಾಗಿ ಬಳುಕುವ ಜೋಡಣೆ. ಆ ಜೋಡಣೆಯ ವ್ಯಾಸ 28 ಅಂಗುಲ, ಒಳಗಿನ ಒತ್ತಡ ಸುಮಾರು 8.8, ಗುಣಿಸಿದರೆ ಪ್ರತಿ ತುದಿಯಲ್ಲಿಯೂ ಸುಮಾರು 35 ಟನ್ನಿನ ನೂಕು. ಎರಡು ನೂಕುಗಳು ಸಮ ಮತ್ತು ವಿರುದ್ಧ, ಆದರೆ ಒಂದೇ ರೇಖೆಯಲ್ಲಿಲ್ಲ. ಅಂಥ ಬಲಗಳ ಜೋಡಿ ವಸ್ತುವನ್ನು ತಿರುಚುತ್ತದೆ ಎಂಬುದು ಇಂಟರ್ಮೀಡಿಯೆಟ್ ಪಾಠ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1974ರ ಜೂನ್ 1ರಂದು ಪೈಪು ಕಳಚಿತು. 28 ಮಂದಿ ಮಡಿದರು.

ಆ ಪೈಪು ‘ತಾತ್ಕಾಲಿಕ’ವಾಗಿತ್ತೆಂಬುದನ್ನು ಗಮನಿಸಬೇಕು. ತಾತ್ಕಾಲಿಕವೆಂಬ ಮಾತಿಗೆ ವಿಚಿತ್ರವಾದ ಒಂದು ಶಕ್ತಿಯಿದೆ. ಶಾಶ್ವತವಾದುದನ್ನು ಕಟ್ಟುವಾಗ ಹತ್ತು ಮಂದಿ ಪ್ರಶ್ನೆ ಕೇಳುತ್ತಾರೆ. ತಾತ್ಕಾಲಿಕವಾದುದನ್ನು ಯಾರೂ ಕೇಳುವುದಿಲ್ಲ. ಒತ್ತಡಕ್ಕಾದರೋ ಎರಡೂ ಒಂದೇ.

ವಿನಾಯಿತಿಯ ಆಯುಸ್ಸು

ಮಾರ್ಪಾಟು, ವಿನಾಯಿತಿ ಇವೆರಡೂ ಒಂದೇ ಅಲ್ಲ. ಮಾರ್ಪಾಟಿನಲ್ಲಿ ಕೆಲಸದ ರೀತಿಯೋ ಉಪಕರಣವೋ ಬದಲಾಗುತ್ತದೆ. ನಿಯಮ ಹಾಗೆಯೇ ಇರುತ್ತದೆ. ವಿನಾಯಿತಿಯಲ್ಲಿ ನಿಯಮವನ್ನೇ ಒಂದು ಸಂದರ್ಭದ ಮಟ್ಟಿಗೆ ಸಡಿಲಿಸುತ್ತೇವೆ. ವಿನಾಯಿತಿಯೇ ಕೂಡದೆನ್ನುವುದು ಅವಿವೇಕ. ನಿಯಮವನ್ನು ಬರೆದವನು ಎಲ್ಲ ಬಾವಿಗಳನ್ನೂ ಕಂಡಿರುವುದಿಲ್ಲ. ಕೆಲವೊಮ್ಮೆ ನಿಯಮವನ್ನು ಅಕ್ಷರಶಃ ಪಾಲಿಸುವುದೇ ಅಪಾಯವಾದೀತು. ವಿನಾಯಿತಿ ನೆರೆಮನೆಯ ಕೈಗಡದಂತೆ. ಎಷ್ಟು, ಯಾತಕ್ಕೆ, ಯಾವತ್ತು ಹಿಂದಿರುಗಿಸುವುದು ಎಂಬುದು ಖಚಿತವಾಗಿದ್ದರೆ ಅದರಿಂದ ತೊಂದರೆಯಿಲ್ಲ. ವಾಯಿದೆಯಿಲ್ಲದ ಕೈಗಡ ಕಡೆಗೆ ಯಾರಿಗೂ ನೆನಪಿರುವುದಿಲ್ಲ, ಕೊಟ್ಟವನಿಗೆ ಹೊರತು. ಇಲ್ಲಿ ಕೊಟ್ಟವನು ಶಿಲಾಪದರ.

ವಾಯಿದೆಯಿಲ್ಲದ ವಿನಾಯಿತಿಯ ಉದಾಹರಣೆ ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲವೇದಿಕೆಯಲ್ಲಿ ದೊರೆಯುತ್ತದೆ. ಬೆಂಕಿ ಬಿದ್ದಾಗ ಸಮುದ್ರದಿಂದ ನೀರೆತ್ತುವ ಪಂಪುಗಳು ತಾವಾಗಿ ಹೊರಡುವಂತೆ ಅಲ್ಲಿ ಏರ್ಪಾಡಿತ್ತು. ಆದರೆ ನೀರಿನಡಿ ಮುಳುಗುಗಾರರು ಕೆಲಸ ಮಾಡುತ್ತಿರುವಾಗ ಪಂಪು ಹೊರಟರೆ ಅವರು ಅದರ ಬಾಯಿಗೆ ಸೆಳೆಯಲ್ಪಟ್ಟಾರು. ಆದುದರಿಂದ ಅವರು ನೀರಿನಲ್ಲಿರುವಾಗ ಪಂಪುಗಳನ್ನು ಕೈಯಿಂದಲೇ ಹೊರಡಿಸಬೇಕಾದ ಸ್ಥಿತಿಯಲ್ಲಿಡುತ್ತಿದ್ದರು. ಉದ್ದೇಶ ಒಳ್ಳೆಯದೇ. ನೆರೆಯ ಕ್ಲೇಮೋರ್ ವೇದಿಕೆಯಲ್ಲಿ, ಮುಳುಗುಗಾರ ಪಂಪಿನ ಬಾಯಿಯ ಸಮೀಪದಲ್ಲಿದ್ದರೆ ಮಾತ್ರ ಹೀಗೆ ಮಾಡುತ್ತಿದ್ದರು. ಪೈಪರಿನಲ್ಲಿ ಅವರು ಎಲ್ಲಿಯೇ ಇರಲಿ, ನೀರಿನಲ್ಲಿದ್ದರೆ ಸಾಕು. ಬೇಸಗೆಯಲ್ಲಿ ಮುಳುಗುವ ಕೆಲಸ ದಿನದಲ್ಲಿ ಬಹುಪಾಲು ನಡೆಯುತ್ತಿತ್ತು. ಆದುದರಿಂದ ಬೆಂಕಿಯ ಪಂಪುಗಳು ಬಹುಪಾಲು ತಾವಾಗಿ ಹೊರಡುವಂತಿರಲಿಲ್ಲ. ವಿನಾಯಿತಿಯೇ ನಿಯಮವಾಗಿತ್ತು.

1988ರ ಜುಲೈ 6ರಂದು ಅಲ್ಲಿನ ಎರಡು ದ್ರವೀಕೃತ ಅನಿಲದ ಪಂಪುಗಳಲ್ಲಿ ಒಂದರ ಸುರಕ್ಷಾ ವಾಲ್ವನ್ನು ಪರೀಕ್ಷೆಗಾಗಿ ಬಿಚ್ಚಿದ್ದರು. ವಾಲ್ವಿದ್ದ ಜಾಗಕ್ಕೆ ಒಂದು ಕುರುಡು ಫಲಕವನ್ನು ಮುಚ್ಚಿದ್ದರು. ಆ ಜಾಗ ಪಂಪಿನ ಬಳಿ ನಿಂತವನಿಗೆ ಕಾಣುವಂತಿರಲಿಲ್ಲ. ಸಂಜೆ ಆರರೊಳಗೆ ಕೆಲಸ ಮುಗಿಯದೆ ಪರ್ಮಿಟ್ಟು ಅರ್ಧಕ್ಕೆ ನಿಂತಿತು. ರಾತ್ರಿಯ ಪಾಳಿಯವರಿಗೆ ಅದೇ ಪಂಪಿನ ಬೇರೊಂದು ಪರ್ಮಿಟ್ಟಿನ ವಿಷಯ ಗೊತ್ತಿತ್ತು, ವಾಲ್ವಿನದು ಗೊತ್ತಿರಲಿಲ್ಲ. ಹತ್ತಕ್ಕೆ ಕಾಲು ಗಂಟೆಯಿರುವಾಗ ಇನ್ನೊಂದು ಪಂಪು ನಿಂತುಹೋಯಿತು. ವಾಲ್ವಿಲ್ಲದ ಪಂಪನ್ನು ಹೊರಡಿಸಿದರು. ಕುರುಡು ಫಲಕದ ಸಂದಿನಿಂದ ಅನಿಲ ಸೋರಿ ಸ್ಫೋಟಿಸಿತು. ಬೆಂಕಿಯ ಪಂಪುಗಳ ಬಳಿಗೆ ಹೋಗಿ ಅವುಗಳನ್ನು ಕೈಯಿಂದ ಹೊರಡಿಸಲು ಯಾರಿಗೂ ಸಾಧ್ಯವಾಗಲಿಲ್ಲ. ಆ ರಾತ್ರಿ ಮಡಿದವರು 167 ಮಂದಿ. ಇವರಲ್ಲಿ ಇಬ್ಬರು ರಕ್ಷಣೆಗೆ ಬಂದವರು. ಲಾರ್ಡ್ ಕಲ್ಲೆನ್ ನಡೆಸಿದ ವಿಚಾರಣೆಯ ವರದಿ 1990ರಲ್ಲಿ ಹೊರಬಂದಿತು. ಅದರಲ್ಲಿ 106 ಶಿಫಾರಸುಗಳಿದ್ದುವು.

ಇಂಥದು ಪರದೇಶಗಳಿಗೆ ಮೀಸಲಾದುದಲ್ಲ. 2005ರ ಜುಲೈ 27ರಂದು, ಮುಂಬಯಿಯನ್ನು ಮುಳುಗಿಸಿದ ಮಹಾಮಳೆಯ ಮರುದಿನ, ಅರಬ್ಬಿ ಸಮುದ್ರದ ಬಾಂಬೆ ಹೈ ತೈಲಕ್ಷೇತ್ರದಲ್ಲಿ ‘ಸಮುದ್ರ ಸುರಕ್ಷಾ’ ಎಂಬ ನೌಕೆಯಲ್ಲಿದ್ದ ಅಡಿಗೆಯವರೊಬ್ಬರ ಬೆರಳುಗಳಿಗೆ ಪೆಟ್ಟಾಯಿತು. ಹವೆ ಕೆಟ್ಟಿದ್ದುದರಿಂದ ಹೆಲಿಕಾಪ್ಟರು ಹಾರುವಂತಿರಲಿಲ್ಲ. ಅವರನ್ನು ಕ್ರೇನಿನ ಬುಟ್ಟಿಯಲ್ಲಿ ವೇದಿಕೆಗೆ ಎತ್ತಿಕೊಳ್ಳಬೇಕಾಯಿತು. ಗಾಳಿಯ ಮರೆಯ ಕಡೆಯ ಕ್ರೇನು ಕೆಟ್ಟಿತ್ತು. ಹಾಗಾಗಿ ನೌಕೆ ಗಾಳಿ ಬೀಸುವ ಕಡೆಯಿಂದ ಬಂದಿತು. ಅದನ್ನು ತಾನಾಗಿ ನೆಲೆಯಲ್ಲಿ ನಿಲ್ಲಿಸುವ ಯಂತ್ರವ್ಯವಸ್ಥೆಯಲ್ಲಿ ದೋಷವಿತ್ತು. ಹಾಗಾಗಿ ಕೈಯಿಂದ ನಡೆಸಿದರು. ಗಾಳಿ ಮತ್ತು ಅಲೆಗಳ ನೂಕಿಗೆ ನೌಕೆ ವೇದಿಕೆಗೆ ಬಡಿದು, ಸಮುದ್ರತಳದಿಂದ ಏರಿಬರುವ ಅನಿಲದ ಕೊಳವೆಯೊಂದು ಒಡೆಯಿತು. ವೇದಿಕೆ ಎರಡು ಗಂಟೆಗಳಲ್ಲಿ ಸುಟ್ಟು ನಾಶವಾಯಿತು; 22 ಮಂದಿಯನ್ನು ಕಳೆದುಕೊಂಡೆವು.

ಇಲ್ಲಿ ಯಾರೂ ದುಡುಕಿನವರಲ್ಲ. ಗಾಯಗೊಂಡ ಸಹೋದ್ಯೋಗಿಗೆ ನೆರವಾಗುವ ಕಾತರ. ಒಂದೊಂದು ಬದಲಾವಣೆಯೂ ಬಿಡಿಯಾಗಿ ನೋಡಿದರೆ ಒಪ್ಪತಕ್ಕದ್ದೇ. ಕೆಟ್ಟ ಕ್ರೇನು, ಗಾಳಿಯ ಕಡೆ, ಕೈಚಾಲನೆ: ಮೂರನ್ನೂ ಒಂದೇ ಹಾಳೆಯ ಮೇಲೆ ಒಟ್ಟಿಗೆ ಬರೆದು ನೋಡುವ ಒಬ್ಬನಿದ್ದಿದ್ದರೆ, ಬೆರಳಿಗೆ ಕಟ್ಟುಹಾಕಿ ಹವೆ ತಿಳಿಯಾಗುವವರೆಗೆ ಕಾಯೋಣ ಎನ್ನುತ್ತಿದ್ದನೋ ಏನೋ.

ಹಾಗಾದರೆ ಆ ಹಾಳೆಯಲ್ಲಿ ಏನಿರಬೇಕು? ಇಂದು ತೈಲಕ್ಷೇತ್ರಗಳಲ್ಲಿ ಬಳಸುವ ನಮೂನೆಗಳು ಕಂಪನಿಯಿಂದ ಕಂಪನಿಗೆ ಬೇರೆಯಾದರೂ ತಿರುಳು ಒಂದೇ. ಏನನ್ನು, ಏಕೆ ಬದಲಿಸುತ್ತೇವೆ. ಸಡಿಲಿಸುವ ನಿಯಮ ಯಾವ ಅಪಾಯವನ್ನು ತಡೆಯಲು ಹುಟ್ಟಿತ್ತು. ಅದರ ಬದಲಿಗೆ ಯಾವ ಕಾವಲನ್ನು ಇಡುತ್ತೇವೆ. ಯಾವ ದಿನ, ಯಾವ ಗಂಟೆಗೆ ಇದು ಮುಗಿಯುತ್ತದೆ. ಸವೆದ ಒಂದು ಗ್ಯಾಸ್ಕೆಟ್ಟಿನ ಬದಲು ಅದೇ ಅಳತೆಯ, ಅದೇ ಪದಾರ್ಥದ ಗ್ಯಾಸ್ಕೆಟ್ ಹಾಕಿದರೆ ಅದು ಮಾರ್ಪಾಟಲ್ಲ. ಅಳತೆ ಒಂದೇ ಆಗಿ ಪದಾರ್ಥ ಬೇರೆಯಾದರೆ ಮಾರ್ಪಾಟು. ಪರಿಶೀಲಿಸುವವನು ಕೇಳಿದವನೇ ಆಗಿರಕೂಡದು, ಕೆಲಸ ಬೇಗ ಮುಗಿದರೆ ಲಾಭ ಪಡೆಯುವವನೂ ಆಗಿರಕೂಡದು. ಅಪಾಯ ದೊಡ್ಡದಾದಷ್ಟೂ ಸಹಿ ಮೇಲಿನ ಅಧಿಕಾರಿಯದಾಗಿರಬೇಕು. ಕೆಲಸ ನಡೆಯುತ್ತಿರುವಾಗಲೇ ಪಾಳಿ ಬದಲಾದರೆ, ಬರುವವನು ಹೋಗುವವನ ಬಾಯಿಂದ ಕೇಳಿ, ಹಾಳೆಯನ್ನು ಓದಿ, ಜಾಗವನ್ನು ಕಣ್ಣಾರೆ ನೋಡಬೇಕು. ಪೈಪರಿನಲ್ಲಿ ಈ ಮೂರರಲ್ಲಿ ಒಂದು ನಡೆದಿದ್ದರೂ ಸಾಕಾಗಿತ್ತು. ನಡುರಾತ್ರಿ ತುರ್ತು ಬಿದ್ದರೆ ಫೋನಿನಲ್ಲಿ ಒಪ್ಪಿಗೆ ಪಡೆಯಬಹುದು, ಆದರೆ ಬರಹ ಬೆನ್ನಹಿಂದೆಯೇ ಬರಬೇಕು.

ಇವೆಲ್ಲಕ್ಕಿಂತ ಕಷ್ಟವಾದುದು ಲೆಕ್ಕವಿಡುವುದು. ಒಂದು ವೇದಿಕೆಯಲ್ಲಿ ಇಂದು ಎಷ್ಟು ವಿನಾಯಿತಿಗಳು ತೆರೆದಿವೆ, ಅವುಗಳಲ್ಲಿ ಎಷ್ಟು ಒಂದೇ ಕಾವಲಿನ ಮೇಲೆ ಭಾರ ಹಾಕುತ್ತಿವೆ ಎಂಬುದನ್ನು ಒಬ್ಬರು ದಿನವೂ ನೋಡುತ್ತಿರಬೇಕು. ಒಂದೇ ವಿನಾಯಿತಿಯನ್ನು ಮೂರನೆಯ ಸಲ ನವೀಕರಿಸಬೇಕಾಗಿ ಬಂದರೆ, ಒಂದೋ ನಿಯಮ ತಪ್ಪು, ಇಲ್ಲವೇ ಉಪಕರಣವನ್ನು ರಿಪೇರಿ ಮಾಡಿಸಲು ಯಾರೋ ಹಿಂಜರಿಯುತ್ತಿದ್ದಾರೆ. ನಮ್ಮ ಅನುಮಾನ ಯಾವಾಗಲೂ ಎರಡನೆಯದರ ಕಡೆಗೇ.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಮೇಲೆ ಹೇಳಿದ 2,000 ಮೀಟರ್ ಬಾವಿಗೇ ಹಿಂದಿರುಗೋಣ. ಐದು ಸ್ಟ್ಯಾಂಡಿಗೊಮ್ಮೆ ತುಂಬುವ ನಿಯಮವನ್ನು ಯಾರೂ ಬದಲಿಸಿಲ್ಲ. ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಕೊರೆಮೊನೆಯ ಮೇಲೆ ಭಾರ ಬೀಳಲೆಂದು ಪೈಪಿನ ಸಾಲಿನ ಕೆಳತುದಿಯಲ್ಲಿ ‘ಡ್ರಿಲ್ ಕಾಲರ್’ ಎಂಬ ದಪ್ಪ ಗೋಡೆಯ ಕೊಳವೆಗಳನ್ನು ಹಾಕಿರುತ್ತಾರೆ. ಅವುಗಳ ಉಕ್ಕಿನ ಅಡ್ಡಕೊಯ್ತ 170 ಚದರ ಸೆಂಟಿಮೀಟರ್ ಎನ್ನೋಣ. ಪೈಪೆಲ್ಲ ಹೊರಬಂದು ಈಗ ಬಾವಿಯಲ್ಲಿ ಕಾಲರುಗಳು ಮಾತ್ರ ಉಳಿದಿವೆ. ಬಾವಿಯನ್ನು ಆಗತಾನೆ ತುಂಬಿದ್ದಾರೆ. ಮಡ್ಡಿನ ಮೇಲುಗೈ ಮೊದಲಿನಂತೆ 3. ಮತ್ತೆ ತುಂಬುವ ಮೊದಲು ಎಷ್ಟು ಸ್ಟ್ಯಾಂಡ್ ಕಾಲರುಗಳನ್ನು ಎಳೆಯಬಹುದು? ಒಂದು ಸ್ಟ್ಯಾಂಡಿಗೆ ಮಟ್ಟ ಇಳಿಯುವುದು 28ನ್ನು 170ರಿಂದ ಗುಣಿಸಿ 210ರಿಂದ ಭಾಗಿಸಿದಷ್ಟು ಮೀಟರ್. ಉತ್ತರ: ಒಂದು.